ಗದ್ದುಗೆಯಿಲ್ಲದ ಮಾಪಕ: ವಿಲಿಯಂ ಲ್ಯಾಂಬ್ಟನ್‌ನ ಬದುಕು ಮತ್ತು ಸಮಾಧಿ

ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳೆರಡೂ ವ್ಯಕ್ತಿಸ್ಮರಣೆಯನ್ನು ಹೊತ್ತು ನಿಂತ ಊರುಗಳು. ಅರಿಕುಠಾರದಲ್ಲಿ 1774ರಲ್ಲಿ ಜನಿಸಿದ ಖಾಸಾ ಚಾಮರಾಜ ಒಡೆಯರ ಹೆಸರನ್ನು 1818ರಲ್ಲಿ ಆ ಊರಿಗಿತ್ತ ಮುಮ್ಮಡಿ ಕೃಷ್ಣರಾಜ ಒಡೆಯರು, 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ತಂದೆಯ ಅಂತ್ಯಕ್ರಿಯೆ ನಡೆದ ಗುಂಡ್ಲುಪೇಟೆಯಲ್ಲಿ ಚಿಕ್ಕದೇವರಾಜ ಒಡೆಯರು ಪರವಾಸುದೇವ ದೇವಾಲಯವನ್ನು ನಿರ್ಮಿಸಿದರು. ಒಂದು ಹುಟ್ಟಿನ ನೆಲೆ, ಇನ್ನೊಂದು ಸಾವಿನ ನೆಲೆ. ಅರಸರ ಮಾತಿರಲಿ, ಈ ಸೀಮೆಯ ಜನಪದರಿಗೂ ಐಕ್ಯಸ್ಥಳವೇ ಕಥನದ ಕೇಂದ್ರ. ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯ ಗದ್ದುಗೆಯಿದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆಯಿದೆ. ಗದ್ದುಗೆ ಇರುವವರೆಗೆ ನೀಲಗಾರರ ಹಾಡು ನಿಲ್ಲುವುದಿಲ್ಲ.

ಅದೇ ಮಳವಳ್ಳಿಯ ಬಯಲಿನಲ್ಲಿ 1799ರ ಮಾರ್ಚ್ 27ರಂದು ಟಿಪ್ಪುವಿನ ಸೇನೆಗೂ ಇಂಗ್ಲಿಷರ ಸೇನೆಗೂ ಕದನವಾಯಿತು. ಬಳಿಕ ಸೋಸಲೆಯ ಬಳಿ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣದತ್ತ ನಡೆದ ಆ ದಂಡಿನಲ್ಲಿ ಯುದ್ಧಕ್ಕಿಂತ ಗಣಿತವನ್ನು ಹೆಚ್ಚು ಬಲ್ಲ ಒಬ್ಬ ಅಧಿಕಾರಿ ಇದ್ದನು. ಆತನೇ ವಿಲಿಯಂ ಲ್ಯಾಂಬ್ಟನ್. ಈ ಸೀಮೆಯಲ್ಲಿ ಆತನ ನೆನಪು ಏಕೆ ಉಳಿಯಲಿಲ್ಲ ಎಂಬ ಪ್ರಶ್ನೆಯೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ.

ಲ್ಯಾಂಬ್ಟನ್ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದವನು. ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದಲ್ಲಿ, 1781ರಲ್ಲಿ, ಸೈನ್ಯ ಸೇರಿದನು. ಯಾರ್ಕ್‌ಟೌನಿನ ಶರಣಾಗತಿಯಲ್ಲಿ ಸೆರೆಸಿಕ್ಕನೆಂದು ಜೀವನಚರಿತ್ರಕಾರರು ಬರೆಯುತ್ತಾರೆ. ಅನಂತರ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ವಲಸೆಗಾರರಿಗೆ ಜಮೀನು ಅಳೆದುಕೊಡುವ ಕೆಲಸದಲ್ಲಿ ವರ್ಷಗಳನ್ನು ಕಳೆದನು. ಆತನ ಮುಂದಿನ ಬದುಕಿನ ಬೀಜ ಅಲ್ಲಿಯೇ ಇದೆ. ಆರ್ಥರ್ ವೆಲ್ಲೆಸ್ಲಿಯ 33ನೆಯ ರೆಜಿಮೆಂಟಿನೊಡನೆ ಭಾರತಕ್ಕೆ ಬಂದಾಗ ಆತನಿಗೆ ನಲವತ್ತು ದಾಟಿತ್ತು.

ಶ್ರೀರಂಗಪಟ್ಟಣದ ಮುತ್ತಿಗೆಯ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ರಾತ್ರಿಯ ವೇಳೆ ಜನರಲ್ ಬೇರ್ಡನ ತುಕಡಿ ದಿಕ್ಕು ತಪ್ಪಿ ಶತ್ರುವಿನ ಕಡೆಗೇ ಸಾಗುತ್ತಿದ್ದುದನ್ನು ಲ್ಯಾಂಬ್ಟನ್ ನಕ್ಷತ್ರಗಳನ್ನು ನೋಡಿ ತಿಳಿದು ಎಚ್ಚರಿಸಿದನು. ಬೇರ್ಡ್ ಮೊದಲು ನಂಬಲಿಲ್ಲವಂತೆ. ಮೇ 4ರಂದು ಕೋಟೆ ಬಿದ್ದಿತು. ಅದಾದ ಕೆಲವೇ ತಿಂಗಳಲ್ಲಿ ಈ ಸೈನಿಕನು ಪರ್ಯಾಯ ದ್ವೀಪವನ್ನು ಅಡ್ಡಲಾಗಿ ಅಳೆಯುವ ಯೋಜನೆಯನ್ನು ಸರ್ಕಾರದ ಮುಂದಿಟ್ಟನು.

1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕಿದ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆಯಲಾಯಿತು. ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದು, ಅಲ್ಲಿ ಒಲ್ಲದೆ ಮರಳಿ ಬಂದ ಸರಪಳಿ ಅದು. ಒಂದು ರೇಖೆಯ ಉದ್ದವನ್ನು ನಿಖರವಾಗಿ ಅಳೆದರೆ, ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದಕ್ಕೆ ಕೋನಗಳನ್ನು ಹಿಡಿದು ತ್ರಿಕೋನದ ಉಳಿದ ಭುಜಗಳನ್ನು ಲೆಕ್ಕದಿಂದಲೇ ಪಡೆಯಬಹುದು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳು ಹೆಣೆದುಕೊಳ್ಳುತ್ತವೆ. 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಹೊಸ ಆಧಾರರೇಖೆಯ ಅಳತೆ ಆರಂಭವಾಯಿತು. ಮದರಾಸು–ಮಂಗಳೂರುಗಳ ನಡುವಿನ ಅಂತರ ಹಳೆಯ ನಕ್ಷೆಗಳಲ್ಲಿದ್ದ 400 ಮೈಲಿಯಲ್ಲ, ಸುಮಾರು 360 ಮೈಲಿ ಎಂಬುದು ಈ ಅಳತೆಯಿಂದ ತಿಳಿಯಿತು. 1808ರಲ್ಲಿ ತಂಜಾವೂರಿನ ದೇವಾಲಯಕ್ಕೆ ಏರಿಸುವಾಗ ಅರ್ಧ ಟನ್ ತೂಕದ ಥಿಯೊಡೊಲೈಟ್ ಗೋಡೆಗೆ ಬಡಿದು ಜಖಂಗೊಂಡಿತು. ಲ್ಯಾಂಬ್ಟನ್ ತಾನೇ ಕುಳಿತು ಹಲವು ವಾರ ಅದನ್ನು ತಿದ್ದಿದನು.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ನಮ್ಮ ಹೊಲಗಳ ಬಾಂದುಕಲ್ಲುಗಳು ಲ್ಯಾಂಬ್ಟನ್ನನವಲ್ಲ; ಅವು ಅನಂತರದ ಕಂದಾಯ ಮೋಜಣಿಯವು. ಗ್ರಾಮಸ್ಥಾಪನೆಯ ಕರುವುಗಲ್ಲಿಗೆ ಪೂಜೆಯಿದೆ, ಬಾಂದುಕಲ್ಲಿಗೆ ಜಗಳವಾದರೂ ಇದೆ. ಲ್ಯಾಂಬ್ಟನ್ನನ ಗುರುತುಗಳಿದ್ದುದು ಬೆಟ್ಟದ ನೆತ್ತಿಯಲ್ಲಿ. ಊರಿನ ವ್ಯವಹಾರಕ್ಕೆ ಅವು ಸೋಕಲಿಲ್ಲ.

ಇದೇ ಯುದ್ಧದಿಂದ ಹುಟ್ಟಿದ ಇನ್ನೊಂದು ಮೋಜಣಿ ಕಾಲಿನ್ ಮೆಕೆಂಜಿಯದು. ಮೆಕೆಂಜಿ ಜನರನ್ನು ಕೇಳಿದನು, ಕೈಫಿಯತ್ತುಗಳನ್ನು ಬರೆಯಿಸಿದನು. ಆದ್ದರಿಂದ ಕನ್ನಡ ಸಂಶೋಧಕರು ಆತನನ್ನು ಮರೆಯಲಿಲ್ಲ. ಲ್ಯಾಂಬ್ಟನ್ ಬೆಟ್ಟಗಳನ್ನಷ್ಟೇ ಕೇಳಿದನು. ಟಿಪ್ಪುವಿನ ಪತನವನ್ನು ಹಾಡಿದ ಲಾವಣಿಗಳುಂಟು. ಈ ಮಾಪಕನನ್ನು ಹೆಸರಿಸುವ ಒಂದು ಲಾವಣಿಯೂ ನನ್ನ ಗಮನಕ್ಕೆ ಬಂದಿಲ್ಲ. ನಮ್ಮ ಅಧ್ಯಯನಗಳೂ ಲಾವಣಿಕಾರರ ದಾರಿಯನ್ನೇ ಹಿಡಿದಿವೆ ಎಂಬುದು ನನ್ನ ಆಕ್ಷೇಪ. ಸರಪಳಿ ಹೊತ್ತವರು, ಬೆಟ್ಟದಲ್ಲಿ ಬಾವುಟ ಹಿಡಿದು ನಿಂತವರು ಈ ನಾಡಿನವರೇ. ಅವರ ಕಡೆಯ ಕಥನವನ್ನು ಯಾರೂ ಹುಡುಕಿಲ್ಲ.

ಹೈದರಾಬಾದಿನಿಂದ ನಾಗಪುರದತ್ತ ಹೊರಟಿದ್ದ ಲ್ಯಾಂಬ್ಟನ್ 1823ರ ಜನವರಿ 20ರಂದು ದಾರಿಯಲ್ಲಿಯೇ ಮರಣ ಹೊಂದಿದನು. ಇಂದಿನ ಮಹಾರಾಷ್ಟ್ರದ ವಾರ್ಧಾ ಜಿಲ್ಲೆಯ ಹಿಂಗಣಘಾಟಿನಲ್ಲಿ ಆತನ ಸಮಾಧಿಯಾಯಿತು. 1818ರಲ್ಲಿ ಸಹಾಯಕನಾಗಿ ಬಂದಿದ್ದ ಜಾರ್ಜ್ ಎವರೆಸ್ಟ್ ಕೆಲಸವನ್ನು ಮುಂದುವರಿಸಿದನು. 1865ರಲ್ಲಿ ಜಗತ್ತಿನ ಅತ್ಯುನ್ನತ ಶಿಖರಕ್ಕೆ ಆತನ ಹೆಸರಾಯಿತು. ಲ್ಯಾಂಬ್ಟನ್ನನ ಹೆಸರು ಸಾಮಾನ್ಯ ಓದುಗರ ನಡುವೆ ಮತ್ತೆ ಕೇಳಿಬಂದುದು 2000ದಲ್ಲಿ ಪ್ರಕಟವಾದ ಜಾನ್ ಕೀ ಅವರ ‘ದಿ ಗ್ರೇಟ್ ಆರ್ಕ್’ ಕೃತಿಯಿಂದ. ಆತ ತೀರಿಕೊಂಡ ಜನವರಿಯ ಆಸುಪಾಸಿನಲ್ಲಿಯೇ, ಬನದ ಹುಣ್ಣಿಮೆಗೆ, ಚಿಕ್ಕಲ್ಲೂರಿನ ಗದ್ದುಗೆಯ ಸುತ್ತ ಜಾತ್ರೆ ಸೇರುತ್ತದೆ.