ಮೀನಿನ ಹೇನು: ಹೆಚ್ಚುವ ಮುನ್ನವೇ ತಿಳಿಯುವುದು ಹೇಗೆ?



ಹೊಂಡದ ಮೀನು ನೀರಿನಿಂದ ಚಂಗನೆ ಮೇಲಕ್ಕೆ ನೆಗೆದರೆ, "ಮೀನು ಆಡ್ತಾ ಇದೆ, ಚೆನ್ನಾಗಿದೆ" ಅಂತ ಸಂತೋಷಪಡುವವರುಂಟು. ಆಟವೇ ಇರಬಹುದು. ಆದರೆ ನೆಗೆಯುವುದರ ಜೊತೆಗೆ ಗೂಟಕ್ಕೆ, ಕಲ್ಲಿಗೆ ಮೈ ಉಜ್ಜುತ್ತಿದ್ದರೆ, ಹಾಕಿದ ತೌಡು ಹಿಂಡಿಯನ್ನು ತಿನ್ನದೆ ಬಿಡುತ್ತಿದ್ದರೆ, ಮೀನಿಗೆ ಹೇನು ಹತ್ತಿದೆಯೋ ಏನೋ ಎಂದು ಸಂಶಯಪಡಬೇಕು.

ಮೀನಿಗೂ ಹೇನೇ ಅಂತೀರಾ? ಹೌದು. ಇದಕ್ಕೆ ಶಾಸ್ತ್ರದಲ್ಲಿ ಆರ್ಗುಲಸ್ ಎಂದು ಹೆಸರು. ಹೇನು ಅನ್ನುವುದು ಬರೀ ವಾಡಿಕೆ. ಇದು ಸೀಗಡಿ, ಏಡಿಗಳ ದೂರದ ನಂಟ. ಹೆಸರುಬೇಳೆಯಷ್ಟು ಅಗಲ, ಚಪ್ಪಟೆ ಮೈ, ಎರಡು ಕರಿ ಕಣ್ಣು. ಮೀನಿನ ಚರ್ಮಕ್ಕೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಕಚ್ಚಿದ ಕಡೆ ಕೆಂಪು ಗಾಯವಾಗಿ, ಆ ಗಾಯಕ್ಕೆ ಬೇರೆ ರೋಗ ಹೊಕ್ಕು ಮೀನು ಸಾಯುತ್ತದೆ. ಗೆಂಡೆ ಜಾತಿಗಳಲ್ಲಿ ರೋಹುವಿಗೆ ಇದರ ಕಾಟ ಹೆಚ್ಚು. ಅಡಿಗೆ ಮಾಡುವ ತಾಯಂದಿರು ಹೆದರಬೇಕಾಗಿಲ್ಲ, ಇದು ಮನುಷ್ಯರಿಗೆ ಹತ್ತುವ ಹೇನಲ್ಲ.

ಇದು ಹೆಚ್ಚುವ ರೀತಿ ತಿಳಿದರೆ ಮುಂದೇನಾಗುತ್ತದೆ ಎಂಬುದೂ ತಿಳಿಯುತ್ತದೆ. ಹೆಣ್ಣು ಹೇನು ಮೀನನ್ನು ಬಿಟ್ಟು ಈಜಿಹೋಗಿ, ನೀರಿನೊಳಗಿನ ಕಲ್ಲು, ಗೂಟ, ಜೊಂಡಿನ ಮೇಲೆ ಸಾಲುಸಾಲಾಗಿ ಮೊಟ್ಟೆ ಅಂಟಿಸುತ್ತದೆ. ಮೊಟ್ಟೆ ಒಡೆಯುವುದು ನೀರಿನ ಶಾಖದ ಮೇಲೆ. ತಣ್ಣನೆಯ 15 ಡಿಗ್ರಿ ನೀರಿನಲ್ಲಿ ಎರಡು ತಿಂಗಳು ಬೇಕಾದರೆ, 25 ಡಿಗ್ರಿಯಲ್ಲಿ ಎರಡೇ ವಾರ ಸಾಕು. ಚಳಿ ಕಳೆದು ಬಿಸಿಲೇರುತ್ತದೆ, ನೀರು ಇಳಿಯುತ್ತದೆ, ಮೀನು ಒತ್ತೊತ್ತಾಗುತ್ತವೆ. ಹೊರಬಂದ ಮರಿ ಹೇನಿಗೆ ಮೀನು ಸಿಗದಿದ್ದರೆ ಕೆಲವೇ ದಿನಗಳಲ್ಲಿ ಅದು ಸಾಯಬೇಕು. ಒತ್ತೊತ್ತಾದ ಹೊಂಡದಲ್ಲಿ ಮಗ್ಗುಲಲ್ಲೇ ಮೀನು! ಯುಗಾದಿಯ ಹೊತ್ತಿಗೆ ಕಣ್ಣು ತೆರೆದಿರಬೇಕು ಅನ್ನುವುದು ಇದಕ್ಕೇ.

ಇನ್ನು ಎಣಿಕೆಯ ಮಾತು. ಒಂದು ಮೀನು ಹಿಡಿದು ನೋಡಿ, ಮೈ ಚೊಕ್ಕಟವಾಗಿದೆ ಎಂದು ಮನೆಗೆ ಹೋಗುವ ಹಾಗಿಲ್ಲ. ಹೇನು ಎಲ್ಲ ಮೀನಿಗೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಹೆಚ್ಚು ಮೀನಿಗೆ ಒಂದೂ ಇಲ್ಲ, ಕೆಲವೇ ಮೀನಿನ ಮೈತುಂಬ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ತಂಪು ಹೊತ್ತಿನಲ್ಲಿ ಬೀಸುಬಲೆ ಹಾಕಿ ಇಪ್ಪತ್ತು ಮೀನನ್ನಾದರೂ ನೋಡಿ. ರೆಕ್ಕೆಯ ಬುಡ, ಕಿವಿರಿನ ಸುತ್ತ ಚೆನ್ನಾಗಿ ಹುಡುಕಿ, ಎಣಿಸಿ, ಬರೆದಿಡಿ. ಶಾಲೆಗೆ ಹೋಗುವ ಮಕ್ಕಳಿಗೆ ಈ ಲೆಕ್ಕ ಒಪ್ಪಿಸಿದರೆ ನಿಮಗಿಂತ ಚುರುಕಾಗಿ ಮಾಡ್ತಾರೆ. ಇಪ್ಪತ್ತರಲ್ಲಿ ಮೂರು ಮೀನಿಗೆ ಹತ್ತಿದ್ದು ಮುಂದಿನ ಸಲ ಎಂಟಕ್ಕೆ ಹತ್ತಿದ್ದರೆ, ಮೀನು ಸಾಯುವತನಕ ಕಾಯಬೇಡಿ. ಆಗಲೇ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಮಾತ್ರ ಅಂದಾಜಿನ ಮೇಲೆ ಹೊಂಡಕ್ಕೆ ಸುರಿಯಬೇಡಿ. ಅದು ಹೇನಿಗಿಂತ ಮೊದಲು ಕಾಟ್ಲಾ ಮೀನು ತಿನ್ನುವ ಸಣ್ಣ ನೀರುಹುಳುಗಳನ್ನೇ ಕೊಂದೀತು.

ಖರ್ಚಿಲ್ಲದ ಉಪಾಯ ಒಂದುಂಟು. ಬಿದಿರಿನ ತಟ್ಟಿಯನ್ನೋ ಹಳೇ ಹಲಗೆಯನ್ನೋ ನೀರಿನಲ್ಲಿ ಇಳಿಬಿಡಿ. ಹೇನು ಅಲ್ಲಿಗೇ ಬಂದು ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆ, ಅಂದರೆ ಮೊಟ್ಟೆ ಒಡೆಯುವ ಮೊದಲೇ, ಮೇಲೆತ್ತಿ ಕೆರೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಮತ್ತೆ ಬಿಡಿ. ತಟ್ಟಿಯ ಮೇಲೆ ಮೊಟ್ಟೆಯ ಸಾಲು ಹೆಚ್ಚುತ್ತಿದ್ದರೆ, ಎರಡು ವಾರದಾಚೆಗೆ ಹೇನು ಹೆಚ್ಚಲಿದೆ ಎಂದೇ ಲೆಕ್ಕ.

ಮೀನು ಹಿಡಿದಾದ ಮೇಲೆ ಹೊಂಡದ ತಳ ಬಿರುಕು ಬಿಡುವತನಕ ಒಣಗಿಸಿ, ಎಕರೆಗೆ ಸುಮಾರು 100 ಕಿಲೋ ಸುಣ್ಣ ಹಾಕಿ. ಹೊಸ ಮರಿ ತಂದಾಗ ಕೆಲವನ್ನು ಬಿಳಿ ಬೋಗುಣಿಯ ನೀರಿಗೆ ಬಿಟ್ಟು ನೋಡಿ. ಮೈಯಿಂದ ಕಳಚಿ ಈಜುವ ಚುಕ್ಕೆ ಕಂಡರೆ, ಆ ಮರಿಗಳನ್ನು ಹೊಂಡಕ್ಕೆ ಇಳಿಸಬೇಡಿ.