ಮಕ್ಕಳಲ್ಲಿ ಸೊಟ್ಟ ಪಾದ: ಚಿಕಿತ್ಸೆ ತಡವಾಗಿದ್ದಲ್ಲಿ ಪೋಷಕರು ತಿಳಿಯಬೇಕಾದ ವಿಷಯಗಳು

ಹುಟ್ಟುವಾಗಲೇ ಮಗುವಿನ ಒಂದು ಅಥವಾ ಎರಡೂ ಪಾದಗಳು ಒಳಮುಖವಾಗಿ ತಿರುಚಿಕೊಂಡು, ಹಿಮ್ಮಡಿಯು ಮೇಲಕ್ಕೆ ಎಳೆದುಕೊಂಡಿರುವ ಸ್ಥಿತಿಯೇ ಸೊಟ್ಟ ಪಾದ. ವೈದ್ಯರು ಇದನ್ನು ಕ್ಲಬ್‌ಫೂಟ್ ಎನ್ನುತ್ತಾರೆ. ಸರಿಸುಮಾರು ಸಾವಿರ ಜನನಗಳಿಗೆ ಒಂದರಂತೆ ಕಂಡುಬರುವ ಈ ನ್ಯೂನತೆಯು ಗಂಡುಮಕ್ಕಳಲ್ಲಿ ಹೆಚ್ಚು. ಗ್ರಹಣ ಕಾಲದಲ್ಲಿ ಗರ್ಭಿಣಿಯು ಹೊರಬಂದುದೇ ಕಾರಣವೆಂಬ ನಂಬಿಕೆಗೆ ಯಾವುದೇ ಆಧಾರವಿಲ್ಲ. ಇದರಲ್ಲಿ ತಾಯಿಯ ತಪ್ಪೇನೂ ಇರುವುದಿಲ್ಲ.

ಎಣ್ಣೆ ಹಚ್ಚಿ ನೀವಿದರೆ ಸಾಕು, ನಡೆಯಲಾರಂಭಿಸಿದ ಮೇಲೆ ತಾನಾಗಿಯೇ ನೇರವಾಗುತ್ತದೆ ಎಂಬ ಹಿರಿಯರ ಮಾತನ್ನು ನಂಬಿ ಅನೇಕ ಕುಟುಂಬಗಳು ಕಾಯುತ್ತವೆ. ಆದರೆ ಪಾದವು ತಾನಾಗಿ ನೇರವಾಗುವುದಿಲ್ಲ. ಮಗು ನಡೆಯತೊಡಗಿದಂತೆ ದೇಹದ ಭಾರವು ಪಾದದ ಹೊರ ಅಂಚಿನ ಮೇಲೆ, ತೀವ್ರ ಪ್ರಕರಣಗಳಲ್ಲಿ ಪಾದದ ಮೇಲ್ಭಾಗದ ಮೇಲೆಯೇ ಬೀಳುತ್ತದೆ. ಅಲ್ಲಿ ಚರ್ಮವು ಜಡ್ಡುಗಟ್ಟಿ ಹುಣ್ಣಾಗಬಹುದು; ಚಪ್ಪಲಿ ಹೊಂದುವುದಿಲ್ಲ; ಶಾಲೆಯವರೆಗೆ ನಡೆಯುವುದೇ ನೋವಿನ ಕೆಲಸವಾಗುತ್ತದೆ. ಎಳೆಯ ಮೂಳೆಗಳು ಅದೇ ವಕ್ರ ಆಕಾರದಲ್ಲಿ ಬೆಳೆದು ಗಟ್ಟಿಯಾಗುತ್ತವೆ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಇಗ್ನಾಸಿಯೊ ಪೊನ್ಸೆಟಿಯವರು ರೂಪಿಸಿದ ವಿಧಾನವನ್ನು ಇಂದು ಎಲ್ಲೆಡೆ ಅನುಸರಿಸಲಾಗುತ್ತಿದೆ. ಜನಿಸಿದ ಮೊದಲ ಕೆಲವು ವಾರಗಳಲ್ಲಿ ಆರಂಭಿಸಿ, ಪಾದವನ್ನು ಮೃದುವಾಗಿ ತಿರುಗಿಸಿ ವಾರಕ್ಕೊಮ್ಮೆ ಪ್ಲಾಸ್ಟರ್ ಪಟ್ಟಿ ಬದಲಾಯಿಸಲಾಗುತ್ತದೆ. ಸಾಮಾನ್ಯವಾಗಿ 5ರಿಂದ 7 ಪಟ್ಟಿಗಳು ಸಾಕಾಗುತ್ತವೆ. ಬಹುತೇಕ ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವನ್ನು ಕತ್ತರಿಸುವ ಸಣ್ಣ ಶಸ್ತ್ರಕ್ರಿಯೆ ಮಾಡಿ, 3 ವಾರ ಕೊನೆಯ ಪಟ್ಟಿ ಹಾಕುತ್ತಾರೆ. ಬಳಿಕ ವಿಶೇಷ ಪಾದರಕ್ಷೆಯನ್ನು ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಅನಂತರ 4–5 ವರ್ಷ ವಯಸ್ಸಿನವರೆಗೆ ನಿದ್ರೆಯ ವೇಳೆ ತೊಡಿಸತಕ್ಕದ್ದು. ಪಾದ ನೇರವಾಯಿತಲ್ಲ ಎಂದು ಪೋಷಕರು ಕೈಬಿಡುವುದು ಈ ಹಂತದಲ್ಲಿಯೇ. ಪಾದರಕ್ಷೆ ಬಿಟ್ಟಲ್ಲಿ ಪಾದವು ಮತ್ತೆ ತಿರುಚಿಕೊಳ್ಳುವ ಸಂಭವ ಬಹಳ ಹೆಚ್ಚು.

ಮಗುವಿಗೆ ಈಗಾಗಲೇ ಮೂರು ಅಥವಾ ಎಂಟು ವರ್ಷವಾಗಿದ್ದರೆ? ಅಂತಹ ಪೋಷಕರು ನಿರಾಶರಾಗಬೇಕಾಗಿಲ್ಲ. ನಡೆಯುವ ವಯಸ್ಸಿನ ಮಕ್ಕಳಲ್ಲಿಯೂ ಇದೇ ವಿಧಾನದಿಂದ ಉತ್ತಮ ಫಲ ದೊರೆತಿದೆ. ಆದರೆ ಪಟ್ಟಿಗಳ ಸಂಖ್ಯೆ ಹೆಚ್ಚುತ್ತದೆ, ಕೆಲವರಿಗೆ ಸ್ನಾಯುರಜ್ಜು ಅಥವಾ ಮೂಳೆಯ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೊಟ್ಟ ಪಾದವೂ ಸೇರಿದ್ದು, 18 ವರ್ಷದೊಳಗಿನ ಮಕ್ಕಳಿಗೆ ತಪಾಸಣೆ ಹಾಗೂ ಚಿಕಿತ್ಸೆ ಉಚಿತವಾಗಿರುತ್ತದೆ. ಅಂಗವಿಕಲತೆಯ ಪ್ರಮಾಣಪತ್ರ ದೊರೆತ ನಂತರವೇ ಚಿಕಿತ್ಸೆಗೆ ಹೋಗಬೇಕೆಂದು ಕೆಲವರು ಕಾಯುವುದುಂಟು, ಅದರ ಅಗತ್ಯವಿಲ್ಲ. ಆಶಾ ಕಾರ್ಯಕರ್ತೆ, ಅಂಗನವಾಡಿ ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಜಿಲ್ಲಾ ಆಸ್ಪತ್ರೆಗೆ ಶಿಫಾರಸು ಪಡೆಯಬಹುದಾಗಿದೆ. ತಾಯಿ ಕಾರ್ಡ್ ಹಾಗೂ ಹಿಂದೆ ಚಿಕಿತ್ಸೆ ಪಡೆದಿದ್ದಲ್ಲಿ ಅದರ ಚೀಟಿಗಳನ್ನು ಜೊತೆಯಲ್ಲಿ ತರುವುದು.