ದೋಣಿ ರಸ್ತೆಗೆ ಬಂದಾಗ: ಹೊದಿಸೋದು ಬೇರೆ, ಕಟ್ಟೋದು ಬೇರೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಭಟ್ಕಳ, ಹೊನ್ನಾವರ, ಕುಮಟಾ ನಡುವೆ ಹೆದ್ದಾರಿ 66ರಲ್ಲಿ ಬೈಕ್ ಓಡಿಸೋರಿಗೆ ಇದು ಗೊತ್ತಿರುತ್ತೆ. ಮುಂದೊಂದು ಮಿನಿ ಲಾರಿ, ಅದರ ಮೇಲೆ ಫೈಬರ್ ದೋಣಿ, ದೋಣಿಯ ಹಿಂಬದಿ ಹೊರಗೆ ಚಾಚಿರುತ್ತೆ. ಮೇಲಿನ ನೀಲಿ ತಾಡಪಾಲು ಗಾಳಿಗೆ ಪಟಪಟ ಬಡೀತಾ ಇರುತ್ತೆ. ಹಿಂದೆ ಇರೋರಿಗೆ ಒಂದೇ ಯೋಚನೆ: ಇದು ಬಿಚ್ಚಿಕೊಂಡ್ರೆ?

ಇವತ್ತಿನ ಸಂಚಿಕೆ ಅದರ ಬಗ್ಗೆಯೇ. ದೋಣಿಯನ್ನ ರಸ್ತೆ ಮೇಲೆ ಸಾಗಿಸುವಾಗ ಹೊದಿಸೋದು ಹೇಗೆ, ಕಟ್ಟೋದು ಹೇಗೆ?

ಯಾಕೆ ಈಗ?

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅದರ ಹಿಂದೆಮುಂದೆ ಸಣ್ಣ ದೋಣಿಗಳು ರಿಪೇರಿಗೆ, ಬಣ್ಣಕ್ಕೆ ಅಂತ ಊರಿಂದೂರಿಗೆ ಹೋಗ್ತವೆ. ಮುರ್ಡೇಶ್ವರದ ಜಲಕ್ರೀಡೆ, ಶರಾವತಿ ಹಿನ್ನೀರಿನ ಬೋಟಿಂಗ್ ಶುರುವಾದ ಮೇಲೆ ಟ್ರೇಲರ್ ಮೇಲಿನ ದೋಣಿಗಳೂ ಕಾಣಿಸ್ತಿವೆ.

ಇನ್ನೊಂದು ಕಾರಣ ನೆರೆ. 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗ, ಅಲ್ಲಿನ ಮೀನುಗಾರರು ತಮ್ಮ ದೋಣಿಗಳನ್ನ ಲಾರಿಗೇರಿಸಿ ಚೆಂಗನ್ನೂರಿನಂಥ ಒಳನಾಡಿನ ಊರುಗಳಿಗೆ ಹೋಗಿ ಜನರನ್ನ ಕಾಪಾಡಿದ್ರು. ಅಂಥ ರಾತ್ರಿ ನಮ್ಮಲ್ಲೂ ಬರಬಹುದು. ಆಗ ಕಟ್ಟೋದನ್ನ ಕಲಿಯೋಕೆ ಸಮಯ ಇರಲ್ಲ.

ತಾಡಪಾಲಿನ ಹಗ್ಗ ದೋಣಿಯನ್ನ ಹಿಡಿಯಲ್ಲ

ತುಂಬಾ ಕಡೆ ಆಗೋ ತಪ್ಪು ಇದು: ಮೇಲೆ ತಾಡಪಾಲು ಹಾಕಿ, ಅದರ ಮೇಲಿಂದಲೇ ನಾಲ್ಕು ಸುತ್ತು ಹಗ್ಗ ಬಿಗಿದು, 'ದೋಣಿ ಕಟ್ಟಿ ಆಯ್ತು' ಅನ್ನೋದು. ತಾಡಪಾಲು ಜಾರುತ್ತೆ, ಮಡಚಿಕೊಳ್ಳುತ್ತೆ, ಹರಿಯುತ್ತೆ. ಅದು ಸಡಿಲ ಆದ ಕೂಡಲೇ ಹಗ್ಗವೂ ಸಡಿಲ. ಅದಕ್ಕೇ ಕ್ರಮ ಹೀಗಿರಲಿ: ಮೊದಲು ದೋಣಿಯನ್ನ ನೇರವಾಗಿ ಟ್ರೇಲರ್ ಅಥವಾ ಲಾರಿಯ ಕಬ್ಬಿಣದ ಚೌಕಟ್ಟಿಗೆ ಕಟ್ಟಿ. ಆಮೇಲೆ ಹೊದಿಸಿ, ಹೊದಿಕೆಗೆ ಬೇರೆಯದೇ ಹಗ್ಗ ಹಾಕಿ. ಹೊದಿಕೆ ಹಾರಿಹೋದ್ರೂ ದೋಣಿ ಅಲ್ಲೇ ಕೂತಿರಬೇಕು.

ಸ್ವಲ್ಪ ಲೆಕ್ಕ

ನಾನು ಬಿ.ಕಾಂ. ಓದಿದವನು, ಲೆಕ್ಕ ಇಲ್ಲದೆ ಮನಸ್ಸು ಒಪ್ಪಲ್ಲ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. ಗಂಟೆಗೆ 40 ಕಿ.ಮೀ. ಇದ್ದಿದ್ದು 80 ಆದ್ರೆ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟು. ಊರೊಳಗೆ ಅಲುಗಾಡದ ತಾಡಪಾಲು ಹೆದ್ದಾರಿಯಲ್ಲಿ ಹಾರೋದು ಇದಕ್ಕೇ. ಹೊನ್ನಾವರದ ಶರಾವತಿ ಸೇತುವೆ ಮೇಲೆ ಅಡ್ಡಗಾಳಿ ಬೇರೆ.

ಇನ್ನು ಬ್ರೇಕ್. ಸರಕು ಸಾಗಣೆಗೆ ಸಿಟಿಯು ಕೋಡ್ ಅಂತ ಒಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ. ಅದರ ಪ್ರಕಾರ ರಸ್ತೆಯಲ್ಲಿ ಸಾಗೋ ಹೊರೆಯ ಕಟ್ಟು, ಮುಂದಕ್ಕೆ ಜಾರದ ಹಾಗೆ ಹೊರೆಯ ತೂಕದ ಶೇ 80ರಷ್ಟು, ಹಿಂದಕ್ಕೂ ಬದಿಗೂ ಶೇ 50ರಷ್ಟು ಬಲವನ್ನ ತಡೀಬೇಕು. ದೋಣಿ 500 ಕೆ.ಜಿ. ಇದ್ರೆ, ಮುಂದಕ್ಕೆ 400 ಕೆ.ಜಿ., ಬದಿಗೆ 250 ಕೆ.ಜಿ. ಹಳೇ ಪ್ಲಾಸ್ಟಿಕ್ ಹಗ್ಗದ ಮೇಲೆ ಇಷ್ಟು ಭಾರ ಬಿಡ್ತೀರಾ?

ಕಟ್ಟೋ ಮೊದಲು

ದೋಣಿಯ ತಳದ ನೀರು ಖಾಲಿ ಮಾಡಿ. 5 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಚಪ್ಪಟೆ ತಳದಲ್ಲಿ 10 ಸೆಂ.ಮೀ. ನೀರು ನಿಂತ್ರೆ ಸುಮಾರು 750 ಲೀಟರ್, ಅಂದ್ರೆ 750 ಕೆ.ಜಿ. ದೋಣಿಗಿಂತ ನೀರೇ ಭಾರ! ತಳದಲ್ಲಿ ಬಿರಡೆ ಇದ್ರೆ ತೆಗೆದಿಡಿ, ದಾರಿಯಲ್ಲಿ ಮಳೆ ಬಂದ್ರೂ ನೀರು ಇಳಿದುಹೋಗುತ್ತೆ. ನೀರಿಗಿಳಿಸೋ ಮುಂಚೆ ಅದನ್ನ ಮತ್ತೆ ಹಾಕಲೇಬೇಕು, ಅಷ್ಟೇ.

ಬಲೆ, ಹುಟ್ಟು, ಕ್ಯಾನು, ಯಾವುದೂ ಒಳಗೆ ಸಡಿಲವಾಗಿ ಬಿದ್ದಿರಬಾರದು. ಔಟ್‌ಬೋರ್ಡ್ ಎಂಜಿನ್ ಬಿಚ್ಚೋಕೆ ಆದ್ರೆ ಬಿಚ್ಚಿ ಬೇರೆ ಇಡಿ. ಆಗಲ್ಲ ಅಂದ್ರೆ ಮೇಲಕ್ಕೆತ್ತಿ, ಕೆಳಗಿಂದ ಆಧಾರ ಕೊಡಿ. ಇಲ್ಲದಿದ್ರೆ ಪ್ರತಿ ಹಂಪ್‌ಗೂ ಅದರ ಭಾರವೆಲ್ಲ ದೋಣಿಯ ಹಿಂಬದಿ ಹಲಗೆ ಮೇಲೆ ಬೀಳುತ್ತೆ.

ನೀರಲ್ಲಿ ದೋಣಿಗೆ ಎಲ್ಲ ಕಡೆಯಿಂದ ಆಸರೆ ಇರುತ್ತೆ, ಟ್ರೇಲರ್ ಮೇಲೆ ಒಂದೆರಡು ಜಾಗದಲ್ಲಿ ಮಾತ್ರ. ಅಲ್ಲಿ ಹಳೇ ಟಯರ್, ರಬ್ಬರ್ ಹಾಸಿ. ಟ್ರೇಲರ್ ಆದ್ರೆ ಒಟ್ಟು ತೂಕದ ಸುಮಾರು ಶೇ 10 ಮುಂದಿನ ಕೊಂಡಿ ಮೇಲೆ ಕೂರಬೇಕು. ಭಾರ ಹಿಂದೆ ಹೆಚ್ಚಾದ್ರೆ ಟ್ರೇಲರ್ ಹಾವಿನ ಹಾಗೆ ಆಚೀಚೆ ತೂಗಾಡುತ್ತೆ.

ಕಟ್ಟೋದು

ದೋಣಿಯ ಮೂತಿಗೆ ಒಂದು ಬೆಲ್ಟ್, ಮುಂದಕ್ಕೂ ಕೆಳಕ್ಕೂ ಎಳೆಯೋ ಹಾಗೆ. ಹಿಂದಿನ ಎರಡು ಮೂಲೆಗೆ ಎರಡು ಬೆಲ್ಟ್, ಕೆಳಕ್ಕೂ ಸ್ವಲ್ಪ ಹಿಂದಕ್ಕೂ. ಬ್ರೇಕ್ ಹಾಕಿದಾಗ ದೋಣಿ ಮುಂದೆ ನುಗ್ಗೋದನ್ನ ತಡೆಯೋದು ಈ ಹಿಂದಿನವೇ. ಟ್ರೇಲರ್‌ನ ವಿಂಚ್ ದೋಣಿ ಏರಿಸೋಕೆ ಇರೋದು, ಅದನ್ನೊಂದೇ ನಂಬಬೇಡಿ. ಎಳೆಯೋ ಗಾಡಿಗೂ ಟ್ರೇಲರ್‌ಗೂ ನಡುವೆ ಎರಡು ಸರಪಳಿ, ಕೊಂಡಿಯ ಕೆಳಗೆ ಅಡ್ಡಡ್ಡ ಹಾಕಿ. ಕೊಂಡಿ ಬಿಟ್ರೂ ಟ್ರೇಲರ್‌ನ ಮೂತಿ ಸರಪಳಿ ಮೇಲೆ ನಿಲ್ಲುತ್ತೆ.

ಹಗ್ಗಕ್ಕಿಂತ ಪಾಲಿಯೆಸ್ಟರ್‌ನ ರ‍್ಯಾಚೆಟ್ ಬೆಲ್ಟ್ ಒಳ್ಳೇದು. ನೈಲಾನ್ ಒದ್ದೆಯಾದ್ರೆ ಜಗ್ಗುತ್ತೆ. ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತೆ, ಗಂಟೂ ಜಾರುತ್ತೆ. ಬೆಲ್ಟ್ ಮೇಲೆ ಎರಡು ಸಂಖ್ಯೆ ಬರೆದಿದ್ರೆ ಸಣ್ಣದನ್ನೇ ಲೆಕ್ಕಕ್ಕೆ ಹಿಡೀರಿ. ದೊಡ್ಡದು ಬೆಲ್ಟ್ ಹರಿಯೋ ಮಿತಿ. ಅಂಚು ತಾಗೋ ಕಡೆ ಗೋಣಿಯೋ ಸೈಕಲ್ ಟ್ಯೂಬೋ ಇಡಿ. ಬೆಲ್ಟ್ ಬಿಗಿ ಇರಬೇಕು, ಆದ್ರೆ ದೋಣಿಯ ಅಂಚು ಬಾಗಬಾರದು.

ಹೊದಿಸೋದು

ಮೊದಲು ಸಿಹಿನೀರಲ್ಲಿ ತೊಳೀರಿ. ಉಪ್ಪು, ಮರಳಿನ ಮೇಲೆ ತಾಡಪಾಲು ಬಡಿದ್ರೆ ಅದು ಮರಳುಕಾಗದದ ಕೆಲಸ ಮಾಡುತ್ತೆ, ಬಣ್ಣ ಹೋಗುತ್ತೆ. ಮುಂದಿನ ಅಂಚು ಎಲ್ಲಕ್ಕಿಂತ ಬಿಗಿ ಇರಲಿ, ಗಾಳಿ ಒಳಗೆ ನುಗ್ಗೋದು ಅಲ್ಲಿಂದ. ಎರಡು ತುಂಡು ಜೋಡಿಸೋದಾದ್ರೆ ಮುಂದಿನ ತುಂಡು ಹಿಂದಿನದರ ಮೇಲೆ ಬರಲಿ. ಮಾಡಿನ ಹಂಚಿನ ಹಾಗೆ, ಮೇಲಿನದು ಕೆಳಗಿನದನ್ನ ಮುಚ್ಚಬೇಕು. ಸುಲಭದ ಒಂದು ಉಪಾಯ: ತಾಡಪಾಲಿನ ಮೇಲೆ ಹಳೇ ಬಲೆ ಹೊದಿಸಿ, ಬಲೆಯನ್ನ ಸುತ್ತಲೂ ಕಟ್ಟಿ. ಒತ್ತಡ ಎಲ್ಲ ಕಡೆ ಹಂಚಿಹೋಗುತ್ತೆ, ಬಡಿತ ನಿಲ್ಲುತ್ತೆ.

ಕಾನೂನು

ವಾಹನದ ಅಗಲ 2.6 ಮೀಟರ್ ಮೀರಬಾರದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ, ಹೊರೆ ಬದಿಗೆ, ಮುಂದಕ್ಕೆ, ಹಿಂದಕ್ಕೆ ಅಥವಾ ಎತ್ತರಕ್ಕೆ ಮಿತಿ ಮೀರಿ ಚಾಚಿದ್ರೆ 20,000 ರೂಪಾಯಿ ದಂಡ. ಹೊರೆ ಇಳಿಸೋ ಖರ್ಚೂ ನಿಮ್ಮದೇ. ಹಿಂದೆ ಕೆಂಪು ಬಟ್ಟೆ ಕಟ್ಟಿದ್ರೆ ಸಾಕು ಅನ್ನೋ ನಂಬಿಕೆ ಇಲ್ಲಿ ನಡೆಯಲ್ಲ. ದೋಣಿಯ ಉದ್ದಕ್ಕೆ ತಕ್ಕ ಗಾಡಿಯನ್ನೇ ತಗೊಳ್ಳಿ. ಟ್ರೇಲರ್‌ಗೂ ನೋಂದಣಿ ಬೇಕು, ದೀಪ ಬೇಕು.

ಹೊರಟ ಮೇಲೆ

ಮೊದಲ 10 ಕಿ.ಮೀ. ಒಳಗೆ ಒಮ್ಮೆ ನಿಲ್ಲಿಸಿ. ಭಟ್ಕಳದಿಂದ ಹೊರಟಿದ್ರೆ ಶಿರಾಲಿ ಹತ್ರ. ಬೆಲ್ಟ್ ಮುಟ್ಟಿ ನೋಡಿ, ಕುಲುಕಾಟಕ್ಕೆ ಸಡಿಲ ಆಗಿರುತ್ತೆ, ಬಿಗಿ ಮಾಡಿ. ಟ್ರೇಲರ್ ಚಕ್ರದ ನಡುಭಾಗ ಕೈಯಿಡಲಾಗದಷ್ಟು ಬಿಸಿ ಇದ್ರೆ ಬೇರಿಂಗ್ ಹೋಗ್ತಿದೆ ಅಂತ ಅರ್ಥ. ಉಪ್ಪುನೀರಲ್ಲಿ ಇಳಿದು ಏಳೋ ಟ್ರೇಲರ್‌ಗೆ ಇದು ಸಾಮಾನ್ಯ.

ನೀವು ಬೈಕಲ್ಲಿ ದೋಣಿಯ ಹಿಂದೆ ಇದ್ರೆ ದೂರ ಬಿಡಿ, ತಾಡಪಾಲು ಬಡೀತಿದ್ರೆ ಇನ್ನೂ ದೂರ. ಅವಕಾಶ ಸಿಕ್ಕಾಗ ಹಾರ್ನ್ ಹಾಕಿ ಡ್ರೈವರಣ್ಣನಿಗೆ ಕೈ ತೋರಿಸಿ ಹೇಳಿ, ಅವರಿಗೆ ಹಿಂದಿನದು ಕಾಣಿಸಲ್ಲ. ನಿಮ್ಮ ಮನೆಯಲ್ಲೋ ಕೇರಿಯಲ್ಲೋ ದೋಣಿ ಸಾಗಿಸೋರು ಇದ್ರೆ ಈ ಆಡಿಯೊ ಅವರಿಗೆ ವಾಟ್ಸಾಪ್ ಮಾಡಿ. ಮುಂದಿನ ವಾರ ಸಿಗೋಣ.